ಸದ್ದಿಲ್ಲದ ಮೂವತ್ತೆರಡು ನಿಮಿಷ

ಮಧ್ಯಾಹ್ನ ಮೂರು ಗಂಟೆ ಹತ್ತು ನಿಮಿಷ. ಇಷ್ಟು ಖಚಿತವಾಗಿ ಹೇಳಲು ಕಾರಣ, ಕಂಪ್ಯೂಟರಿನಲ್ಲಿ ಉಳಿದ ಕೊನೆಯ ಸಾಲು ಆ ಹೊತ್ತಿನದು. ಅದಾದ ಮೇಲೆ ಏನೂ ದಾಖಲಾಗಿಲ್ಲ.

ಅಹಮದಾಬಾದಿನ ಅಂಚಿನ ನರೋಡಾದ ಒಂದು ರಾಸಾಯನಿಕ ಕಾರ್ಖಾನೆಯ ಕಂಟ್ರೋಲ್ ರೂಮು. ತಲೆಯ ಮೇಲಿನ ಫ್ಯಾನು ಒಂದು ಗಳಿಗೆ ತಡವರಿಸಿತು, ಟ್ಯೂಬ್‌ಲೈಟು ಆರಿ ಹತ್ತಿತು, ಮತ್ತೆ ಎಲ್ಲ ಮೊದಲಿನ ಹಾಗಾಯಿತು. "ಲೈಟ್ ಹೋಗಿ ಬಂತು," ಎಂದರು ಕಾಕಾ. ಆಗಷ್ಟೇ ಶುರುವಾಗಿದ್ದ ಪಾಳಿಯ ಆಪರೇಟರ್ ಅವರು. ಐವತ್ತು ದಾಟಿದವರು, ಕಾರ್ಖಾನೆಯಲ್ಲಿ ಎಲ್ಲರಿಗೂ ಕಾಕಾ, ನನಗೂ ಕಾಕಾ. ನಾನು ಕಾಗದದಿಂದ ತಲೆ ಎತ್ತದೆ ಹೂಂಗುಟ್ಟಿದೆ. ಕಂಪ್ಯೂಟರಿಗೆ ಯುಪಿಎಸ್ ಇತ್ತು, ಪರದೆ ಕದಲಿರಲಿಲ್ಲ. ಪ್ರಿಂಟರ್ ಸುಮ್ಮನಿತ್ತು. ಅದು ಸುಮ್ಮನಿರುವುದು ನನ್ನದೇ ಕೆಲಸದ ಫಲವೆಂದು ನನಗೆ ಒಳಗೊಳಗೇ ಹೆಮ್ಮೆ. ಕಾಕಾ ಡಬ್ಬಿ ಬಿಚ್ಚಿ ಥೇಪ್ಲಾ, ಮೆಂತ್ಯದ ತೆಳು ರೊಟ್ಟಿ, ತಿಂದರು, ನನಗೂ ಒಂದು ಕೊಟ್ಟರು. ನಾನು ಅದನ್ನು ತಿನ್ನುತ್ತ, ಇನ್ನೊಂದು ಪ್ರೋಗ್ರಾಮಿನ ತಪ್ಪುಗಳನ್ನು ಪೆನ್ಸಿಲಿನಲ್ಲಿ ಗುರುತು ಮಾಡುತ್ತ, ಮೂವತ್ತೆರಡು ನಿಮಿಷ ಆ ಮೌನದಲ್ಲಿ ಹಾಯಾಗಿ ಕೂತಿದ್ದೆ. ಗೋಡೆಯ ಆಚೆ, ಮೂವತ್ತು ಹೆಜ್ಜೆ ದೂರದಲ್ಲಿ, ಎರಡನೇ ರಿಯಾಕ್ಟರ್ ಬಿಸಿಯೇರುತ್ತಿತ್ತು.

ಆ ಮೂವತ್ತೆರಡು ನಿಮಿಷವನ್ನು ಎಷ್ಟು ಸಲ ಮನಸ್ಸಿನಲ್ಲಿ ಮತ್ತೆ ನಡೆಸಿ ನೋಡಿದ್ದೇನೋ ಹೇಳಲಾರೆ. ಒಂದೊಂದು ಸಲ ಮೂರು ಹನ್ನೆರಡಕ್ಕೆ ಎದ್ದು ರಿಯಾಕ್ಟರಿನ ಕಡೆಯಿಂದ ಕಂಪ್ಯೂಟರಿಗೆ ಬರುವ ಕೇಬಲ್ಲನ್ನು ಮುಟ್ಟಿ ನೋಡುತ್ತೇನೆ. ಒಂದೊಂದು ಸಲ ಮೂರು ಇಪ್ಪತ್ತಕ್ಕೆ, "ಕಾಕಾ, ಒಮ್ಮೆ ಮೇಲೆ ಹತ್ತಿ ನೋಡಿ ಬನ್ನಿ," ಎನ್ನುತ್ತೇನೆ. ನಿಜವಾಗಿ ಮಾಡಿದ್ದು ಮಾತ್ರ ಥೇಪ್ಲಾ ತಿಂದದ್ದು.

ನಾನು ಧಾರವಾಡದವಳು. ಎಂಜಿನಿಯರಿಂಗ್ ಓದಿ, ಮದುವೆಯಾಗಿ, ಗಂಡನ ವಿಮಾ ಕಚೇರಿಯ ವರ್ಗಾವಣೆಯ ಹಿಂದೆ ವಡೋದರಕ್ಕೆ ಬಂದು ಅಲ್ಲೊಂದು ಚಿಕ್ಕ ಕಂಪನಿಯಲ್ಲಿ ಕೆಲಸ ಹಿಡಿದೆ. ಅದು ತೊಂಬತ್ತರ ದಶಕದ ಮೊದಲ ಭಾಗ. ಆ ಕಂಪನಿ ಪರದೇಶದ ಒಂದು ಬಗೆಯ ಕಂಪ್ಯೂಟರುಗಳನ್ನು ಗುಜರಾತಿನ ಕಾರ್ಖಾನೆಗಳಿಗೆ ಮಾರಿತ್ತು. ಅವುಗಳ ಮೇಲೆ ನಡೆಯುತ್ತಿದ್ದದ್ದು ಯುನಿಕ್ಸ್‌ನ ಒಂದು ಕವಲು. ಹೆಸರು ಹೇಳಿದರೆ ಕಂಪ್ಯೂಟರ್ ಓದಿದವರೂ "ಯಾವುದು?" ಎಂದು ಇನ್ನೊಮ್ಮೆ ಕೇಳುತ್ತಿದ್ದರು. ನಾನು ಸೇರಿದ ಎರಡನೇ ವರ್ಷ ಅದನ್ನು ತಯಾರಿಸುತ್ತಿದ್ದವರು ಬಾಗಿಲು ಹಾಕಿದರು. ಇಲ್ಲಿನ ಪಾಲುದಾರರು ಒಬ್ಬೊಬ್ಬರಾಗಿ ಜಾರಿಕೊಂಡರು. ಕೊನೆಗೆ ಉಳಿದದ್ದು ನಮ್ಮ ಮಾಲೀಕರಾದ ಶೇಠ್, ನಾನು, ಮತ್ತು ಅಹಮದಾಬಾದ್, ವಡೋದರ, ಸೂರತ್‌ಗಳಲ್ಲಿ ಚದುರಿಕೊಂಡಿದ್ದ ಹನ್ನೊಂದು ಯಂತ್ರಗಳು. ಕಾರ್ಖಾನೆಯವರಿಗೆ ಯಂತ್ರ ನಡೆದರೆ ಸಾಕು. ಅದನ್ನು ಮಾಡಿದವರು ಬದುಕಿದ್ದಾರೋ ಇಲ್ಲವೋ ಅವರಿಗೇಕೆ ಬೇಕು? ಹೊಸ ಪ್ರೋಗ್ರಾಮು ಕೇಳುತ್ತಿದ್ದರು, ಹಳೆಯದು ಕೆಟ್ಟರೆ ಫೋನು ಮಾಡುತ್ತಿದ್ದರು. ನಾನು ಬೆಳಗಿನ ರೈಲು ಹತ್ತುತ್ತಿದ್ದೆ.

ಆಗ ನಮ್ಮನ್ನು ಉಳಿಸಿದ್ದು, ಯಾರೋ ಎಲ್ಲೋ ಬರೆದು, ಮೂಲವನ್ನೂ ಜೊತೆಗಿಟ್ಟು ಊರಿಗೆಲ್ಲ ಹಂಚಿದ ಪ್ರೋಗ್ರಾಮುಗಳು. ಓಪನ್ ಸೋರ್ಸ್ ಎಂಬ ಹೆಸರು ಇನ್ನೂ ಬಂದಿರಲಿಲ್ಲ, ಫ್ರೀ ಸಾಫ್ಟ್‌ವೇರ್ ಎನ್ನುತ್ತಿದ್ದೆವು. ಶೇಠ್‌ಗೆ ಆ ಮಾತು ಕೇಳಿದರೇ ಆಗುತ್ತಿರಲಿಲ್ಲ. ಅಲ್ಲಿನ ಎಲ್ಲರ ಹಾಗೆ ಅವರೂ ನನ್ನನ್ನು ಬೆನ್, ಎಂದರೆ ಅಕ್ಕ, ಎನ್ನುತ್ತಿದ್ದರು.

"ಗಿರಾಕಿಗಳ ಮುಂದೆ ಫ್ರೀ ಅನ್ನಬೇಡಿ ಬೆನ್. ಮಫತ್ ಅಂದ್ರೆ ಅವರು ನಮ್ಮನ್ನೂ ಮಫತ್ ಅಂದ್ಕೋತಾರೆ. ಫಾರಿನ್ ಸಾಫ್ಟ್‌ವೇರ್ ಅನ್ನಿ."

"ಯಾವ ಕಂಪನಿದು ಅಂತ ಕೇಳಿದ್ರೆ?"

"ದೊಡ್ಡದು ಅನ್ನಿ."

ಸಿ.ಡಿ.ಯಲ್ಲಿ ಬರುತ್ತಿದ್ದ ಆ ಪ್ರೋಗ್ರಾಮುಗಳ ಜೊತೆ ಒಂದು ಪಟ್ಟಿ ಇರುತ್ತಿತ್ತು, ಇವು ಯಾವ ಯಾವ ವ್ಯವಸ್ಥೆಯ ಮೇಲೆ ನಡೆಯುತ್ತವೆ ಎಂದು. ನಮ್ಮದರ ಹೆಸರು ಬಹಳ ಸಲ ಇರುತ್ತಲೇ ಇರಲಿಲ್ಲ. ಇದ್ದರೆ ಕೊನೆಯಲ್ಲಿ, 'ಪರೀಕ್ಷಿಸಿಲ್ಲ' ಎಂಬ ಮಾತಿನೊಂದಿಗೆ. ಪರೀಕ್ಷೆ ಮಾಡುವುದು ನನ್ನ ಪಾಲಿಗೆ ಬಿಟ್ಟದ್ದು. ಒಂದು ಪ್ರೋಗ್ರಾಮನ್ನು ನಮ್ಮ ಯಂತ್ರಕ್ಕೆ ಒಗ್ಗಿಸಲು ಒಂದು ವಾರ, ಎರಡು ವಾರ. ನೂರು ತಪ್ಪು ತೋರಿಸುತ್ತಿತ್ತು, ತೊಂಬತ್ತನ್ನು ತಿದ್ದಿದರೆ ಬೇರೆ ಇನ್ನೂರು. ವಸ್ತ್ರಾಪುರದಲ್ಲಿ ಇ-ಮೇಲ್ ಇದ್ದ ಒಬ್ಬ ಗೆಳತಿಯಿದ್ದಳು. ಅಹಮದಾಬಾದಿಗೆ ಹೋದಾಗಲೆಲ್ಲ ಫ್ಲಾಪಿಯಲ್ಲಿ ಪ್ರಶ್ನೆಗಳನ್ನು ಒಯ್ದು ಅವಳ ಕಡೆಯಿಂದ ಕಳಿಸುತ್ತಿದ್ದೆ. ಮುಂದಿನ ಸಲ ಹೋದಾಗ ಉತ್ತರ ಬಂದಿರುತ್ತಿತ್ತು. ಬರೆದವರು ಒಳ್ಳೆಯವರೇ. ಆದರೆ ಎಲ್ಲರೂ ಮೊದಲು ಕೇಳುತ್ತಿದ್ದದ್ದು ಒಂದೇ: ಆ ಯಂತ್ರ ಇನ್ನೂ ಜೀವಂತ ಇದೆಯೇ? ದಣಿದು ರೈಲಿನಲ್ಲಿ ನಿಂತುಕೊಂಡು ಮನೆಗೆ ಬರುವಾಗ ಈ ಪ್ರಶ್ನೆ ನನಗೂ ಬರುತ್ತಿತ್ತು.

ನರೋಡಾದ ಕಾರ್ಖಾನೆಯಲ್ಲಿ ಬಟ್ಟೆಯ ಬಣ್ಣಕ್ಕೆ ಬೇಕಾದ ರಾಸಾಯನಿಕ ತಯಾರಾಗುತ್ತಿತ್ತು. ಮೂರು ರಿಯಾಕ್ಟರ್‌ಗಳು, ಎಂದರೆ ಆಳೆತ್ತರದ ಕಬ್ಬಿಣದ ಪಾತ್ರೆಗಳು. ಮೇಲಿನ ತೊಟ್ಟಿಯಿಂದ ಆಸಿಡ್ ಹನಿಹನಿಯಾಗಿ ಬೀಳುತ್ತಿತ್ತು, ಬಿದ್ದಂತೆ ಒಳಗೆ ಬಿಸಿ ಹುಟ್ಟುತ್ತಿತ್ತು. ಸುತ್ತಲೂ ತಣ್ಣನೆಯ ಉಪ್ಪುನೀರು ಹರಿಸಿ ಆ ಬಿಸಿಯನ್ನು ಹಿಡಿದಿಡಬೇಕು. ಮೂರರ ಉಷ್ಣಾಂಶವನ್ನೂ ಅಳೆದು ನಿಮಿಷಕ್ಕೊಮ್ಮೆ ಕಂಪ್ಯೂಟರಿಗೆ ಕಳಿಸುವ ಒಂದು ಪೆಟ್ಟಿಗೆ ಗೋಡೆಯ ಮೇಲಿತ್ತು. ಕಂಪ್ಯೂಟರು ಅದನ್ನು ನಿಮಿಷಕ್ಕೊಮ್ಮೆ ಪ್ರಿಂಟು ಮಾಡುತ್ತಿತ್ತು. ಕರ್ ಕರ್ ಎಂದು ಒಂದು ಸಾಲು, ಒಂದು ನಿಮಿಷ ಬಿಡುವು, ಮತ್ತೆ ಕರ್ ಕರ್.

ಕಾಕಾ ಆ ಸದ್ದಿನ ಮೇಲೆಯೇ ಪಾಳಿ ನಡೆಸುತ್ತಿದ್ದರು. ಪ್ರಿಂಟರಿಗೆ ಬೆನ್ನು ಹಾಕಿ ಕೂತು ಚಹಾ ಕುಡಿಯುತ್ತಿದ್ದರೂ ಒಂದು ಸಾಲು ತಪ್ಪಿದರೆ ತಲೆ ತಿರುಗುತ್ತಿತ್ತು. ದೀಪಾವಳಿಯಲ್ಲಿ ಹಚ್ಚಿದ ಕುಂಕುಮದ ಸ್ವಸ್ತಿಕ ಅದರ ಮುಚ್ಚಳದ ಮೇಲೆ ವರ್ಷವಿಡೀ ಇರುತ್ತಿತ್ತು. ನಿಯಮದ ಪ್ರಕಾರ ಗಂಟೆಗೊಮ್ಮೆ ಏಣಿ ಹತ್ತಿ, ರಿಯಾಕ್ಟರಿನ ಮೇಲಿರುವ ಮುಳ್ಳಿನ ಮಾಪಕ ನೋಡಿ, ಹಾಳೆಯಲ್ಲಿ ಬರೆದು ಸಹಿ ಹಾಕಬೇಕು. ಯಾವ ಪಾಳಿಯಲ್ಲೂ ಯಾರೂ ಹತ್ತುತ್ತಿರಲಿಲ್ಲ. ಪ್ರಿಂಟರಿನ ಸಾಲು ನೋಡಿಯೇ ಹಾಳೆ ತುಂಬುತ್ತಿದ್ದರು. ಇದು ಮೇನೇಜರಿಗೂ ಗೊತ್ತಿತ್ತು, ನನಗೂ ಗೊತ್ತಿತ್ತು.

ಆಮೇಲೆ ಆ ಪ್ರಿಂಟರಿನ ರಿಬ್ಬನ್ನು ಸಿಗದಾಯಿತು. ಅದೂ ಅದೇ ಮುಚ್ಚಿದ ಕಂಪನಿಯದು. ಜೊತೆಗೆ ಪಕ್ಕದ ಕ್ಯಾಬಿನ್ನಿನ ಮೇನೇಜರಿಗೆ ಫೋನಿನಲ್ಲಿ ಮಾತಾಡಲು ಆ ಸದ್ದು ಅಡ್ಡಿ. ಉಷ್ಣಾಂಶ ಬದಲಾದಾಗ ಮಾತ್ರ ಪ್ರಿಂಟು ಮಾಡುವ, ಮಿತಿ ಮೀರಿದರೆ ಗಂಟೆ ಬಾರಿಸುವ, ಪೆಟ್ಟಿಗೆಯಿಂದ ಅಂಕಿ ಬರುವುದು ನಿಂತರೂ ಗಂಟೆ ಬಾರಿಸುವ ಒಂದು ಒಳ್ಳೆಯ ಪ್ರೋಗ್ರಾಮು ನನಗೆ ಸಿ.ಡಿ.ಯಲ್ಲಿ ಸಿಕ್ಕಿತು. ಅದನ್ನು ಒಗ್ಗಿಸಿ ಹಾಕಿದೆ.

ಕಾಕಾಗೆ ಇಷ್ಟವಿರಲಿಲ್ಲ. "ಬೆನ್, ಅದು ಬಡಬಡಿಸ್ತಾ ಇದ್ರೆ ನನಗೆ ಧೈರ್ಯ. ಮನೇಲಿ ಹೆಂಡತಿ ಬೈತಾ ಇದ್ರೆ ಎಲ್ಲ ಸರಿ ಇದೆ ಅಂತ ಅರ್ಥ. ಸುಮ್ಮನಾದ್ರೆ ಎದ್ದು ನೋಡ್ಬೇಕು."

"ಇದು ಸುಮ್ಮನಿದ್ರೇ ಎಲ್ಲ ಸರಿ ಇದೆ ಅಂತ, ಕಾಕಾ. ಏನಾದ್ರೂ ಕೆಟ್ಟರೆ ತಾನೇ ಗಂಟೆ ಬಾರಿಸತ್ತೆ."

"ಬಾರಿಸದೇ ಇದ್ರೆ?"

"ಬಾರಿಸತ್ತೆ," ಎಂದೆ.

ಮೂರು ಹತ್ತಕ್ಕೆ ಕರೆಂಟು ಹೋಗಿ ಬಂದಾಗ ಆದದ್ದು ಎರಡು. ಉಪ್ಪುನೀರಿನ ಪಂಪು ನಿಂತಿತು. ಅದನ್ನು ಯಾರಾದರೂ ಕೈಯಾರೆ ಮತ್ತೆ ಚಾಲೂ ಮಾಡಬೇಕಿತ್ತು. ಗೋಡೆಯ ಮೇಲಿನ ಪೆಟ್ಟಿಗೆಯೂ ಕೆಲಸ ಬಿಟ್ಟು ಕೂತಿತು, ಅಂಕಿ ಕಳಿಸುವುದು ನಿಂತಿತು. ಆಸಿಡ್ ಮಾತ್ರ ಮೇಲಿನಿಂದ ತನ್ನ ಪಾಡಿಗೆ ಹನಿಯುತ್ತಲೇ ಇತ್ತು. ಪರದೆಯ ಮೇಲೆ ಎರಡನೇ ರಿಯಾಕ್ಟರಿನ ಮುಂದೆ ಮೂವತ್ತೆಂಟು ಡಿಗ್ರಿ ಎಂದು ಕೊನೆಗೆ ಬಂದ ಅಂಕಿ ಹಾಗೇ ನಿಂತಿತ್ತು. ಗಂಟೆ ಬಾರಿಸಲಿಲ್ಲ.

ಮೂರು ನಲವತ್ತೆರಡಕ್ಕೆ ತಗಡು ಸೀಳಿದಂಥ ಸದ್ದು, ಅದರ ಹಿಂದೆಯೇ ದೊಡ್ಡದೊಂದು ಉಸಿರು. ಕಿಟಕಿಯಲ್ಲಿ ಇಟ್ಟಿಗೆಯ ಬಣ್ಣದ ಹೊಗೆ ಕಂಡಿತು. ಕಾಕಾ ಎದ್ದವರೇ ಹೆಗಲ ಮೇಲಿನ ವಸ್ತ್ರವನ್ನು ನೀರಿನ ಮಡಕೆಯಲ್ಲಿ ಅದ್ದಿ ಮೂಗಿಗೆ ಕಟ್ಟಿಕೊಂಡರು. "ಓಡಿ ಬೆನ್, ಗೇಟಿಗೆ!" ಎಂದರು. ನಾನು ಗೇಟಿನ ಕಡೆ ಓಡಿದೆ. ಅವರು ಹೊಗೆಯ ಕಡೆ ಓಡಿದರು. ಏಣಿ ಹತ್ತಿ, ರಿಯಾಕ್ಟರಿನಲ್ಲಿದ್ದದ್ದನ್ನೆಲ್ಲ ಕೆಳಗಿನ ನೀರಿನ ತೊಟ್ಟಿಗೆ ಇಳಿಸುವ ಕವಾಟವನ್ನು ಎರಡೂ ಕೈಯಲ್ಲಿ ತಿರುವಿದರು. ಗೇಟಿನ ಹತ್ತಿರ ನಿಂತು ನಾನು ನೋಡುತ್ತಿದ್ದೆ. ಕಾಲಲ್ಲಿ ಒಂದೇ ಚಪ್ಪಲಿ. ಹೊಗೆಯಲ್ಲಿ ಅವರು ಕಾಣುತ್ತಿದ್ದರು, ಕಾಣೆಯಾಗುತ್ತಿದ್ದರು, ಮತ್ತೆ ಕಾಣುತ್ತಿದ್ದರು. ಅವರು ಆ ಕವಾಟ ತಿರುವದಿದ್ದರೆ ರಿಯಾಕ್ಟರೇ ಒಡೆಯುತ್ತಿತ್ತು, ಗೇಟಿನಲ್ಲಿ ನಿಂತವರೂ ಉಳಿಯುತ್ತಿರಲಿಲ್ಲ ಎಂದು ಆಮೇಲೆ ತಿಳಿದವರು ಹೇಳಿದರು.

ಕಾಕಾ ತಮ್ಮ ಕಾಲ ಮೇಲೆಯೇ ನಡೆದು ಗಾಡಿ ಹತ್ತಿದರು. "ಡಬ್ಬಿ ಅಲ್ಲೇ ಉಳೀತು," ಎಂದು ನಕ್ಕು ಕೆಮ್ಮಿದರು. ನನಗೂ ಸಮಾಧಾನವಾಯಿತು. ಆದರೆ ಆಸ್ಪತ್ರೆಯ ಡಾಕ್ಟರು, ಈ ಹೊಗೆ ಕುಡಿದವರು ಮೊದಲು ಚೆನ್ನಾಗಿಯೇ ಇರುತ್ತಾರೆ, ಗಂಟೆಗಳು ಕಳೆದ ಮೇಲೆ ಶ್ವಾಸಕೋಶದಲ್ಲಿ ನೀರು ತುಂಬಬಹುದು, ಎರಡು ದಿನ ಏನೂ ಹೇಳಲಾಗದು ಎಂದರು. ಆ ಎರಡು ದಿನ ನಾನು ಅಹಮದಾಬಾದಿನಲ್ಲೇ ಉಳಿದೆ. ಮೊದಲ ಸಂಜೆ ಆಮ್ಲಜನಕದ ಮುಸುಕನ್ನು ಸರಿಸಿ ಕಾಕಾ ನನ್ನನ್ನು ಕೇಳಿದ್ದು ಇಷ್ಟೇ: "ಪ್ರಿಂಟರ್ ಸುಮ್ಮನಿತ್ತಲ್ಲ, ಬೆನ್?" ಆರೋಪದ ದನಿಯಲ್ಲ. ತನಗೆ ಕಿವಿ ಕೇಳಿಸಲಿಲ್ಲವೇನೋ ಎಂಬ ಅನುಮಾನದಲ್ಲಿ ಕೇಳಿದರು.

"ಸುಮ್ಮನಿತ್ತು," ಎಂದೆ.

ಅವರು ಉಳಿದರು. ಮೂರನೆಯ ದಿನ ಕಾರ್ಖಾನೆಯಿಂದ ಅವರ ಹಾಸಿಗೆಗೇ ಒಂದು ಪತ್ರ ಬಂತು. ಮೂರು ಗಂಟೆಗೆ ಮಾಪಕ ನೋಡದೆಯೇ ನೋಡಿದ್ದೇನೆಂದು ಸಹಿ ಹಾಕಿದ್ದೀರಿ, ನಿಮ್ಮ ಅಲಕ್ಷ್ಯದಿಂದ ಅಪಘಾತವಾಗಿದೆ, ವಿಚಾರಣೆ ಮುಗಿಯುವ ತನಕ ಕೆಲಸಕ್ಕೆ ಬರಬೇಡಿ. ಇಪ್ಪತ್ತೆರಡು ವರ್ಷ ದುಡಿದ ಜಾಗ. ಕಾಕಾ ಅದನ್ನು ಓದಿ ಮಡಚಿ ದಿಂಬಿನ ಕೆಳಗಿಟ್ಟರು. "ಸಹಿ ನನ್ನದೇ," ಎಂದರು.

ನಾನು ಅಲ್ಲಿಂದ ನೇರ ಸೂರತ್‌ಗೆ ಹೋದೆ. ಅದೇ ಪ್ರೋಗ್ರಾಮನ್ನು ಅಲ್ಲಿನ ಒಂದು ಬಟ್ಟೆ ಬಣ್ಣ ಹಾಕುವ ಕಾರ್ಖಾನೆಯಲ್ಲೂ ಹಾಕಿದ್ದೆ. ಅಲ್ಲಿ ಬಿಸಿನೀರಿನ ತೊಟ್ಟಿಗಳಷ್ಟೇ, ಅಪಾಯ ಕಡಿಮೆ. ಆದರೂ ಅದೇ ಯಂತ್ರ, ಅದೇ ಪ್ರೋಗ್ರಾಮು, ಅಂಥದೇ ಪೆಟ್ಟಿಗೆ. ಸ್ಟೇಷನ್ನಿನಿಂದ ಹಜೀರಾ ಕಡೆಯ ಬಸ್ಸು ಹಿಡಿದು ಹೋದಾಗ ಮಧ್ಯಾಹ್ನದ ಊಟದ ಬಿಡುವು. ಸೂಪರ್‌ವೈಸರನ ಅಪ್ಪಣೆ ಪಡೆದು ಪೆಟ್ಟಿಗೆಯ ಸ್ವಿಚ್ಚು ಆರಿಸಿದೆ. ಒಂದು ನಿಮಿಷದಲ್ಲಿ ಗಂಟೆ ಬಾರಿಸಬೇಕು. ಬಾರಿಸಲಿಲ್ಲ. ಎರಡು ನಿಮಿಷ, ಐದು ನಿಮಿಷ. ಸೂಪರ್‌ವೈಸರ್ ಚಹಾ ತರಿಸಿದ. ಪರದೆಯ ಮೇಲೆ ಹಳೆಯ ಅಂಕಿ ಕದಲದೆ ನಿಂತಿತ್ತು.

"ಯಾರಿಗೆ ಕಾಯ್ತಿದ್ದೀರಿ ಬೆನ್?" ಎಂದ.

"ಯಾರಿಗೂ ಇಲ್ಲ," ಎಂದೆ. ಚಹಾ ಆರಿತು. ಸ್ವಿಚ್ಚು ಹಾಕಿ, ಆ ಪ್ರೋಗ್ರಾಮನ್ನು ನಿಲ್ಲಿಸಿ, ಹಳೆಯದನ್ನು ಮತ್ತೆ ಹಚ್ಚಿ ಹೊರಗೆ ಬಂದೆ. ಅವನು ಹಿಂದಿನಿಂದ, "ಮತ್ತೆ ಆ ಕರ್ ಕರ್ ಶುರುವಾಯ್ತಲ್ಲ!" ಎಂದು ಗೊಣಗುತ್ತಿದ್ದ.

ತಪ್ಪು ಎಲ್ಲಿದೆ ಎಂದು ವಡೋದರದ ರೈಲು ಭರೂಚ್ ದಾಟುವ ಮೊದಲೇ ಸಿಕ್ಕಿತು. ಪ್ರೋಗ್ರಾಮು ಪೆಟ್ಟಿಗೆಯಿಂದ ಅಂಕಿ ಬರಲೆಂದು ಕಾಯುತ್ತಿರುತ್ತದೆ. ಕಾಯುವ ಮೊದಲು, ಒಂದು ನಿಮಿಷ ಕಳೆದರೆ ನನ್ನನ್ನು ಎಬ್ಬಿಸು ಎಂದು ಯಂತ್ರಕ್ಕೆ ಹೇಳಿರುತ್ತದೆ. ಬೇರೆ ಕೆಲವು ಯುನಿಕ್ಸ್‌ಗಳಲ್ಲಿ, ಲಿನಕ್ಸ್‌ನಲ್ಲಿ ಕೂಡ ಆಗ ಹಾಗೇ ಇತ್ತು, ಎಬ್ಬಿಸಿದ ಕೂಡಲೇ ಕಾಯುವುದನ್ನು ಬಿಟ್ಟು ಅದು ಸುತ್ತ ನೋಡುತ್ತದೆ. ನಮ್ಮ ಯಂತ್ರದಲ್ಲಿ ಹಾಗಲ್ಲ. ಎಬ್ಬಿಸಿದರೆ ಎದ್ದು, ತಕ್ಷಣ ಮತ್ತೆ ಕಾಯುತ್ತ ಕೂರುತ್ತದೆ. ಬಾರದ ಅಂಕಿಗಾಗಿ ಸಂಜೆಯ ತನಕ, ಮರುದಿನದ ತನಕ ಕಾಯುತ್ತದೆ. ನಮ್ಮ ಯಂತ್ರದ ಕೈಪಿಡಿಯಲ್ಲಿ ಅದು ಒಂದೇ ಸಾಲಿನಲ್ಲಿ ಸ್ಪಷ್ಟವಾಗಿ ಬರೆದಿತ್ತು. ಆ ಪುಟವನ್ನು ನಾನು ತೆರೆದಿರಲಿಲ್ಲ. ಅಷ್ಟು ಸಣ್ಣ ವಿಷಯ ಗೊತ್ತೇ ಇದೆ ಎಂದುಕೊಂಡಿದ್ದೆ.

ಪರೀಕ್ಷೆ ಮಾಡಿರಲಿಲ್ಲವೇ? ಮಾಡಿದ್ದೆ. ನರೋಡಾದಲ್ಲಿ ಪ್ಲಾಂಟು ನಡೆಯುವಾಗ ಪೆಟ್ಟಿಗೆ ಆರಿಸಲು ಬಿಡುತ್ತಿರಲಿಲ್ಲ. ಅದಕ್ಕೆ ನಮ್ಮ ಆಫೀಸಿನಲ್ಲಿ ಲಿನಕ್ಸ್ ಹಾಕಿದ್ದ ಒಂದು ಪಿಸಿಯ ಮೇಲೆ ಮಾಡಿದೆ. ಅಲ್ಲಿ ಅದು ಗಂಟೆಯನ್ನು ಚೆನ್ನಾಗಿಯೇ ಬಾರಿಸಿತು. ಯುನಿಕ್ಸ್ ಎಂದ ಮೇಲೆ ಎಲ್ಲ ಒಂದೇ ಎಂದುಕೊಂಡೆ. ಇಂಥ ಪ್ರೋಗ್ರಾಮುಗಳನ್ನು ತಿದ್ದುವವರಲ್ಲಿ ಒಂದು ಪದ್ಧತಿ: ಏನು ಬದಲಿಸಿದೆವು ಎಂಬುದನ್ನು ಜೊತೆಯ ಒಂದು ಕಡತದಲ್ಲಿ ಹೆಸರು, ದಿನದೊಂದಿಗೆ ಬರೆದಿಡುವುದು. ಆ ಪದ್ಧತಿಯಂತೆ ನಾನೂ ಬರೆದಿದ್ದೆ. ಕೊನೆಯ ಸಾಲು: 'ಅಂಕಿ ನಿಂತಾಗಿನ ಗಂಟೆಯನ್ನು ಮೂಲ ಯಂತ್ರದ ಮೇಲೆ ಪರೀಕ್ಷಿಸಿಲ್ಲ.' ಬರೆದು ಮರೆತಿದ್ದೆ. ಬರೆದಿಟ್ಟರೆ ಕೆಲಸ ಮುಗಿಯಿತು ಎಂಬಂತೆ.

ಆ ರಾತ್ರಿಯಿಂದ ನಿದ್ದೆ ಹೋಯಿತು. ಸದ್ದಿಗೆ ಎಚ್ಚರವಾಗುವುದಲ್ಲ, ಸದ್ದು ನಿಂತರೆ ಎಚ್ಚರ. ಅಡಿಗೆಮನೆಯ ಫ್ರಿಜ್ಜಿನ ಮೋಟಾರು ನಿಂತ ಕೂಡಲೇ ಎದ್ದು ಕೂರುತ್ತಿದ್ದೆ.

"ಮತ್ತ ಎದ್ದೇನ?" ಎನ್ನುತ್ತಿದ್ದರು ನನ್ನವರು.

"ಫ್ರಿಜ್ ನಿಂತೈತಿ ರೀ."

"ಅದು ನಿಂತ ನಿಂತ ನಡಿತೈತಿ. ಅದರ ಕಂಪನಿಯವರ ಹಂಗ ಮಾಡ್ಯಾರ. ಮಲ್ಕೋ."

ಅವರಿಗೆ ಎಲ್ಲ ಹೇಳಿದೆ. "ನೀ ಹೇಳಿದ್ರ ಆ ಮನಷ್ಯಾ ಉಳಿತಾನ, ನಿಮ್ಮ ಶೇಠ್ ಮುಳಗ್ತಾನ. ಹೇಳಲಿಲ್ಲಂದ್ರ ತಿರುಗಾಮುರುಗಾ. ನನ್ನ ಕೇಳಬ್ಯಾಡ, ನನಗೂ ಗೊತ್ತಾಗವಲ್ದು. ಮೊದ್ಲ ಊಟಾ ಮಾಡು, ಎರಡ ದಿನದಿಂದ ನೀ ಚಹಾದ ಮ್ಯಾಲ ಇದ್ದಿ."

ಶೇಠ್‌ಗೂ ಹೇಳಿದೆ. ಅವರು ಪ್ರೋಗ್ರಾಮಿನ ಮೊದಲ ಪುಟವನ್ನೇ ತೆರೆದು ತೋರಿಸಿದರು. ಅಲ್ಲಿ ದಪ್ಪ ಅಕ್ಷರಗಳಲ್ಲಿ, ಇದಕ್ಕೆ ಯಾವ ಖಾತರಿಯೂ ಇಲ್ಲ, ಇದರಿಂದಾಗುವ ಯಾವ ಹಾನಿಗೂ ಬರೆದವರು ಹೊಣೆಯಲ್ಲ ಎಂದಿತ್ತು. ಅಂಥ ಎಲ್ಲ ಪ್ರೋಗ್ರಾಮುಗಳ ಮೇಲೂ ಅದು ಇರುತ್ತಿತ್ತು.

"ನೋಡಿ ಬೆನ್. ಹೊಣೆ ಅಲ್ಲ ಅಂತ ಬರೆದೇ ಇದೆ. ಇಷ್ಟು ದೊಡ್ಡದಾಗಿ ಇದೆ."

"ಕಾಕಾಗೆ ಇದನ್ನ ನಾವು ಓದಿ ಹೇಳಿದ್ವಾ ಶೇಠ್‌ಜಿ?"

"ಅವರಿಗೆ ಇಂಗ್ಲಿಷ್ ಎಲ್ಲಿ ಬರತ್ತೆ?"

"ನಾನು ಅವರಿಗೆ ಹೇಳಿದ್ದು, ತಾನೇ ಗಂಟೆ ಬಾರಿಸತ್ತೆ ಅಂತ."

ಶೇಠ್ ಕನ್ನಡಕ ತೆಗೆದು ಒರೆಸಿದರು. ಅವರೂ ಬಹಳ ದಣಿದಿದ್ದರು. ಪಾಲುದಾರರೆಲ್ಲ ಹೋದ ಮೇಲೂ ಹನ್ನೊಂದು ಯಂತ್ರಗಳ ಜೊತೆ ಉಳಿದಿದ್ದ ಮನುಷ್ಯ. "ಮಫತ್ ಮಾಲು ಅಂತ ಎಲ್ಲರಿಗೂ ಗೊತ್ತಾಗತ್ತೆ," ಎಂದರು. ಕನ್ನಡಕ ಹಾಕಿಕೊಂಡು, "ನಾಳೆ ನನಗೆ ಸೂರತ್‌ನಲ್ಲಿ ಕೆಲಸ ಇದೆ. ನೀವು ಎಲ್ಲಿಗೆ ಹೋಗ್ತೀರಿ ಅಂತ ನಾನು ಕೇಳಿಲ್ಲ. ಹೋಗಿ ಅಂತ ಹೇಳಿಲ್ಲ, ಬೇಡ ಅಂತಲೂ ಹೇಳಿಲ್ಲ," ಎಂದು ಆಫೀಸಿನ ಬೀಗದ ಕೈ ಮೇಜಿನ ಮೇಲಿಟ್ಟು ಹೋದರು.

ವಿಚಾರಣೆ ನಡೆದದ್ದು ಮೇನೇಜರರ ಕ್ಯಾಬಿನ್ನಿನಲ್ಲಿ. ಮೇನೇಜರು, ಹೆಡ್ ಆಫೀಸಿನಿಂದ ಬಂದ ಒಬ್ಬ ಅಧಿಕಾರಿ, ಎದುರಿನ ಕುರ್ಚಿಯಲ್ಲಿ ಕಾಕಾ, ಕರೆಯದೆ ಹೋಗಿ ಬಾಗಿಲ ಬಳಿ ನಿಂತ ನಾನು. ಕಾಕಾ ಸೊರಗಿದ್ದರು, ಮಾತಿಗೊಮ್ಮೆ ಕೆಮ್ಮುತ್ತಿದ್ದರು. ಪ್ರಿಂಟರ್ ಸುಮ್ಮನಿತ್ತು ಎಂದು ಅವರು ಆಗಲೇ ಹೇಳಿಯಾಗಿತ್ತು. "ಸುಮ್ಮನಿತ್ತು ಅಂದ್ರೆ ಎಲ್ಲ ಸರಿ ಇತ್ತು ಅಂತ ತಾನೇ? ಕಂಪ್ಯೂಟರ್ ಸುಳ್ಳು ಹೇಳಲ್ಲ," ಎಂದು ಅಧಿಕಾರಿ ಬರೆದುಕೊಂಡಿದ್ದರು.

"ಒಮ್ಮೆ ಕಂಟ್ರೋಲ್ ರೂಮಿಗೆ ಬನ್ನಿ ಸಾಹೇಬ್," ಎಂದೆ. ಇನ್ನೊಮ್ಮೆ ಹೇಳಬೇಕಾಯಿತು.

ಪ್ಲಾಂಟು ನಿಂತಿತ್ತು, ಯಾರೂ ಬೇಡವೆನ್ನಲಿಲ್ಲ. ಪ್ರೋಗ್ರಾಮನ್ನು ಅಂದಿದ್ದ ಹಾಗೆಯೇ ಹಚ್ಚಿ, ಗೋಡೆಯ ಪೆಟ್ಟಿಗೆಯನ್ನು ಆರಿಸಿ, ದಯವಿಟ್ಟು ಸ್ವಲ್ಪ ಹೊತ್ತು ಕೂರಬೇಕು ಎಂದೆ. ಕೂತರು. ಫ್ಯಾನು ತಿರುಗುತ್ತಿತ್ತು. ಕಾಕಾ ತಮ್ಮ ಹಳೆಯ ಜಾಗದಲ್ಲಿ, ಪ್ರಿಂಟರಿಗೆ ಬೆನ್ನು ಹಾಕಿ ಕೂತಿದ್ದರು. ಕಿಟಕಿಯ ಗಾಜಿನ ಮೇಲೆ ಕಂದು ಕಲೆ ಇನ್ನೂ ಹೋಗಿರಲಿಲ್ಲ. ನಾಲ್ಕು ನಿಮಿಷಕ್ಕೆ ಅಧಿಕಾರಿ ಗಡಿಯಾರ ನೋಡಿಕೊಂಡರು.

"ಪರದೆ ಮೇಲೆ ಅಂಕಿ ಇದೆಯಲ್ಲ?"

"ಅದು ಪೆಟ್ಟಿಗೆ ಆರಿಸೋ ಮುಂಚಿನದು ಸಾಹೇಬ್."

"ಗಂಟೆ?"

"ಒಂದು ನಿಮಿಷಕ್ಕೆ ಬಾರಿಸಬೇಕಿತ್ತು."

"ಎಷ್ಟು ಹೊತ್ತು ಹೀಗೇ?"

"ನೀವು ಎಷ್ಟು ಹೊತ್ತು ಕೂರ್ತೀರೋ ಅಷ್ಟು ಹೊತ್ತು."

ಮೂವತ್ತೆರಡು ನಿಮಿಷವೂ ಕೂರಿಸಬೇಕೆಂದು ನಾನು ಮನಸ್ಸಿನಲ್ಲಿ ಮಾಡಿಕೊಂಡಿದ್ದೆ. ಹನ್ನೊಂದನೇ ನಿಮಿಷಕ್ಕೆ ಮೇನೇಜರು, "ಸಾಕು," ಎಂದರು. ಆಗ ನಾನು ತಂದಿದ್ದ ಹಾಳೆಗಳನ್ನು ಇಟ್ಟೆ. ಮೂಲ ಪ್ರೋಗ್ರಾಮು, ತಪ್ಪಿದ್ದ ಜಾಗ, ನಾನೇ ಬರೆದಿದ್ದ 'ಪರೀಕ್ಷಿಸಿಲ್ಲ' ಎಂಬ ಸಾಲು, ಅದರ ಮುಂದೆ ನನ್ನ ಹೆಸರು. ತಿದ್ದಿದ ಪ್ರೋ‌ಗ್ರಾಮು ಹಚ್ಚಿ ಪೆಟ್ಟಿಗೆಯನ್ನು ಇನ್ನೊಮ್ಮೆ ಆರಿಸಿದೆ. ಒಂದು ನಿಮಿಷಕ್ಕೆ ಗಂಟೆ ಕಿರುಚಿಕೊಂಡಿತು. ಅಧಿಕಾರಿ ಬೆಚ್ಚಿಬಿದ್ದರು. ಬದಲಿಸಿದ್ದು ಒಂದೇ ಸಾಲು.

ಪ್ರೋಗ್ರಾಮಿನ ಮೂಲ ನಮ್ಮ ಕೈಯಲ್ಲಿ ಇದ್ದದ್ದಕ್ಕೆ ಇದನ್ನು ತೋರಿಸಲು ಆಯಿತು. ಮುಚ್ಚಿದ ಕಂಪನಿಯ ಮುಚ್ಚಿದ ಪ್ರೋಗ್ರಾಮು ಆಗಿದ್ದರೆ ಯಾರಿಗೆ ಏನು ತೋರಿಸುವುದು? ಕಂಪ್ಯೂಟರ್ ಸುಳ್ಳು ಹೇಳಲ್ಲ ಎಂಬುದೇ ಉಳಿಯುತ್ತಿತ್ತು. ಇದನ್ನು ನಾನು ಸಮಾಧಾನಕ್ಕೆ ಹೇಳುತ್ತಿಲ್ಲ. ಅದೇ ಪ್ರೋಗ್ರಾಮನ್ನು ತಂದು ಹಾಕಿದ್ದೂ ನಾನೇ.

ಹೊರಗೆ ಬಂದಾಗ ಕಾಕಾ ಥ್ಯಾಂಕ್ಸ್ ಹೇಳಲಿಲ್ಲ. ಮೆಟ್ಟಿಲ ಮೇಲೆ ಕೂತು ಉಸಿರು ತೆಗೆದುಕೊಂಡರು. "ನಾನು ಕೇಳಿದ್ದೆ, ಬಾರಿಸದೇ ಇದ್ರೆ ಅಂತ," ಎಂದರು.

"ಹೌದು ಕಾಕಾ."

"ನೀವು ಬಾರಿಸತ್ತೆ ಅಂದ್ರಿ."

"ಹೌದು."

"ನಿಮ್ಮ ಚಪ್ಪಲಿ ನನ್ನ ಲಾಕರಲ್ಲಿದೆ. ಒಂದೇ. ತಗೊಂಡು ಹೋಗಿ."

ತೀರ್ಮಾನ ಬರಲು ಮೂರು ವಾರ ಹಿಡಿಯಿತು. ಕಾಕಾರ ಮೇಲಿನ ಪತ್ರ ಹಿಂದೆಗೆದುಕೊಂಡರು. ಹಾಳೆಗೆ ನೋಡದೆ ಸಹಿ ಹಾಕಿದ್ದಕ್ಕೆ ಎಚ್ಚರಿಕೆ ಮಾತ್ರ, ಅದೂ ಮೂರೂ ಪಾಳಿಯವರಿಗೆ. ನಮ್ಮ ಕಂಪನಿಗೆ ಒಂದು ಕಟುವಾದ ಪತ್ರ ಬಂತು. ಯಂತ್ರವನ್ನು ಮಾತ್ರ ಅವರು ಬಿಡಲಿಲ್ಲ, ಅದನ್ನು ನೋಡಿಕೊಳ್ಳಲು ಬೇರೆ ಯಾರೂ ಸಿಗಲಿಲ್ಲ. ಸೂರತ್‌ನ ಗಿರಾಕಿಗಳಲ್ಲಿ ಇಬ್ಬರು ಹೋದರು. ಶೇಠ್ ಚಹಾ ಕುಡಿಯುವಾಗ ನನ್ನ ಕಡೆ ನೋಡುವುದನ್ನು ಬಿಟ್ಟರು. ಪ್ರೋಗ್ರಾಮು ಬರೆದವನಿಗೆ ವಸ್ತ್ರಾಪುರದಿಂದ ತಿದ್ದುಪಡಿ ಕಳಿಸಿದೆ, ನಡೆದದ್ದನ್ನೂ ಬರೆದೆ. ಆ ಯಂತ್ರ ಇನ್ನೂ ಜೀವಂತ ಇದೆಯೇ ಎಂದು ಅವನು ಕೇಳಲಿಲ್ಲ. ಆ ಮನುಷ್ಯ ಹೇಗಿದ್ದಾರೆ ಎಂದು ಕೇಳಿದ. ಮುಂದಿನ ಸಲದ ಸಿ.ಡಿ.ಯಲ್ಲಿ ಪಟ್ಟಿಯ ಕೊನೆಗೆ ನಮ್ಮ ಯಂತ್ರದ ಹೆಸರಿತ್ತು, 'ಪರೀಕ್ಷಿಸಿದೆ' ಎಂದು.

ಅದನ್ನು ನೋಡಿದ ದಿನವೂ ನಿದ್ದೆ ಬರಲಿಲ್ಲ. ತೀರ್ಮಾನ ಬಂದ ದಿನವೂ ಬಂದಿರಲಿಲ್ಲ. ಫ್ರಿಜ್ಜು ನಿಲ್ಲುತ್ತಿತ್ತು, ನಾನು ಏಳುತ್ತಿದ್ದೆ. ಕಾಕಾ ಇನ್ನೂ ಮನೆಯಲ್ಲೇ ಇದ್ದರು, ಡಾಕ್ಟರು ಬಿಟ್ಟಿರಲಿಲ್ಲ. ಈ ಕೆಮ್ಮಿನಲ್ಲಿ ಅವರು ಮತ್ತೆ ಪಾಳಿಗೆ ಬರುತ್ತಾರೋ ಇಲ್ಲವೋ ಎಂದು ಕಾರ್ಖಾನೆಯಲ್ಲಿ ಮಾತಾಡಿಕೊಳ್ಳುತ್ತಿದ್ದರು.

ಮಳೆಗಾಲ ಶುರುವಾಗಿತ್ತು. ಒಂದು ಶುಕ್ರವಾರ ಸಂಜೆ ನಾಲ್ಕರ ಹೊತ್ತಿಗೆ ಆಫೀಸಿನಲ್ಲಿ ಫೋನು ರಿಂಗಾಯಿತು. ಶೇಠ್ ಎತ್ತಿ, ನನ್ನ ಕಡೆ ಚಾಚಿದರು.

"ಕೇಳಿ ಬೆನ್," ಎಂದಿತು ಆ ಕಡೆಯಿಂದ ಒಡಕು ದನಿ. ಗುರುತು ಹತ್ತಲು ಒಂದು ಕ್ಷಣ ಬೇಕಾಯಿತು. ಆಮೇಲೆ ಏನೂ ಇಲ್ಲ. ನಾನು "ಕಾಕಾ? ಕಾಕಾ?" ಎಂದೆ. ಆಗ ಕರ್ ಕರ್ ಎಂದು ಒಂದು ಸಾಲು. ಮತ್ತೆ ಮೌನ. ಅವರು ರಿಸೀವರನ್ನು ಪ್ರಿಂಟರಿನ ಮೇಲೆ ಹಿಡಿದು ಒಂದು ನಿಮಿಷ ಹಾಗೇ ನಿಂತರು, ನಾನೂ ನಿಂತೆ. ಕರ್ ಕರ್.

"ನಿಮಿಷಕ್ಕೊಮ್ಮೆ ಪ್ರಿಂಟು ಮಾಡೋ ಹಳೇದನ್ನೂ ಜೊತೆಗೆ ಹಾಕ್ಸಿದೀನಿ. ಹಳೇ ರಿಬ್ಬನ್ನು. ಅಕ್ಷರ ಒಂದೂ ಕಾಣಲ್ಲ," ಎಂದರು. "ಕಾಣದಿದ್ರೆ ಬೇಡ. ಕೂಗಿದ್ರೆ ಸಾಕು. ಮೇನೇಜರ್ ಸಾಹೇಬ್ರಿಗೆ ಹೇಳಿದೀನಿ, ತೊಂದರೆ ಆದ್ರೆ ಕ್ಯಾಬಿನ್ ಬದಲಾಯಿಸಿಕೊಳ್ಳಿ ಅಂತ. ನಿಮ್ಮ ಗಂಟೆಯೂ ಇರಲಿ."

"ಪಾಳಿಗೆ ಬಂದ್ರಾ ಕಾಕಾ?"

"ಮೂರು ಗಂಟೆಗೆ ಬಂದೆ. ಏಣಿ ಹತ್ತಿ ನೋಡಿಯೂ ಬಂದೆ. ಮೂವತ್ತೇಳು."

ಮನೆಗೆ ಹೋಗಿ ಅನ್ನ, ಸಾರು ಮಾಡಿದೆ. ಇಬ್ಬರೂ ಊಟ ಮಾಡಿ ಬೇಗ ಮಲಗಿದೆವು. ಹೊರಗೆ ಮಳೆ ಬಂದಂತಿತ್ತು, ಸರಿಯಾಗಿ ನೆನಪಿಲ್ಲ. ಬೆಳಿಗ್ಗೆ ಕಣ್ಣು ಬಿಟ್ಟಾಗ ನನ್ನವರು ಆಗಲೇ ಎದ್ದು, ಹಾಲಿನ ಪಾತ್ರೆ ಹಿಡಿದುಕೊಂಡು ಬಾಗಿಲಲ್ಲಿ ನಿಂತಿದ್ದರು.

"ಹಾಲು ಒಡದೈತಿ," ಎಂದರು. "ರಾತ್ರಿ ಕರೆಂಟ್ ಹೋಗಿತ್ತು. ಫ್ಯಾನ್ ಇಲ್ಲ, ಫ್ರಿಜ್ ಇಲ್ಲ, ಬೆಳತನಕ. ನಾ ಎರಡ ಸಲ ಎದ್ದು ಕಿಡಕಿ ತಗದ್ನಿ. ನಿನಗ ಗೊತ್ತಾಗಲಿಲ್ಲೇನ?"

"ಇಲ್ಲ ರೀ," ಎಂದೆ.